ಮಾಮಾ ಅಂದರೆ ಅಲ್ಲಿ ಅಪ್ಪ

ಟಿಬಿಲಿಸಿ: ಕಾಲಿಟ್ಟ ಗಳಿಗೆ

ಪರದೇಶದ ನೆಲದ ಮೇಲೆ ನಾನು ಆಡಿದ ಮೊದಲ ಮಾತೇ ತಪ್ಪಾಯಿತು. ಅದೂ ಅಚ್ಚ ಕನ್ನಡದ ಮಾತು.

ಟಿಬಿಲಿಸಿಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತಿದ್ದೆವು. ನಿಂತಿದ್ದೆವು ಅನ್ನುವುದೂ ಪೂರ್ತಿ ನಿಜವಲ್ಲ. ನಾನು ನಿಂತಿದ್ದೆ, ನನ್ನ ಜೊತೆ ಬಂದ ಹುಸೇನಸಾಬ ಮಾಮಾ ಜನ ಕಡಿಮೆ ಇದ್ದಾರೆಂದು ಪಕ್ಕದ ಸಾಲಿಗೆ ಹೋಗಿಬಿಟ್ಟಿದ್ದರು. ಅದು ಆ ದೇಶದವರ ಸಾಲು. ಸಿಂದಗಿ ಬಸ್ ನಿಲ್ದಾಣದಲ್ಲಿ ಕೂಗುವ ದನಿಯಲ್ಲೇ ನಾನು "ಮಾಮಾ, ಇತ್ಲಾಗ ಬರ್ರಿ" ಎಂದು ಕೂಗಿದೆ. ಮಕ್ಕಳನ್ನು ಎತ್ತಿಕೊಂಡು ನಿಂತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಗಾಜಿನ ಹಿಂದೆ ಕುಳಿತಿದ್ದ ಹುಡುಗಿ ಮುಗುಳ್ನಕ್ಕು, ಇಬ್ಬರ ಪಾಸ್‌ಪೋರ್ಟನ್ನೂ ಒಟ್ಟಿಗೇ ತೆಗೆದುಕೊಂಡು, ಅಪ್ಪನ ಜೊತೆ ಬಂದಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲ ಎಂದೆ. ಈಗ ತಾನೇ ಕರೆದಿರಲ್ಲ ಎಂದಳು. ಮಾಮಾ ಎಂದರೆ ತಾಯಿಯ ತಮ್ಮ ಎಂದು ಬಿಡಿಸಿ ಹೇಳಿದೆ. ಅವಳು ಶೈಲಜಾ ಎಂಬ ಹೆಸರನ್ನೂ ಹುಸೇನಸಾಬ ಎಂಬ ಹೆಸರನ್ನೂ ಓದಿ, ಇನ್ನೇನೋ ಕೇಳಲು ಬಾಯಿ ತೆರೆದವಳು, ಹಿಂದಿನ ಸಾಲು ನೋಡಿ ಮೊಹರು ಒತ್ತಿ ಕಳಿಸಿದಳು.

ಹೊರಗೆ ನಮ್ಮನ್ನು ಕರೆದೊಯ್ಯಲು ನಿನೋ ಬಂದಿದ್ದಳು. ಟಿಬಿಲಿಸಿಯಲ್ಲಿ ಒಂದು ಪುಟ್ಟ ಸಿನಿಮಾ ಮನೆ ನಡೆಸುವ ಹೆಣ್ಣುಮಗಳು. ನೆರೆಹೊರೆ ಎಂಬ ವಿಷಯದ ಮೇಲೆ ಬೇರೆ ಬೇರೆ ದೇಶದ ಚಿತ್ರಗಳನ್ನು ಸೇರಿಸಿ ತೋರಿಸುತ್ತಿದ್ದವಳು ಅವಳೇ. ತುಂಬಿದ ಬಸುರಿ, ಆದರೂ ಕಾರು ತಾನೇ ನಡೆಸುತ್ತಿದ್ದಳು. ಸಾಲಿನಲ್ಲಿ ಆದದ್ದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ಭಾಷೆಯಲ್ಲಿ ಮಾಮಾ ಅಂದರೆ ಅಪ್ಪನಂತೆ. ಅವ್ವನಿಗೆ ದೆದಾ ಅನ್ನುತ್ತಾರಂತೆ.

ಮಾಮಾಗೆ ಇದನ್ನು ತಿಳಿಸಿದೆ. ಅವರು ಗಡ್ಡ ಕೆರೆದುಕೊಂಡು, "ಹಂಗಾರ ಈ ಊರಾಗ ನನ್ನ ಕೂಗಿ ಕರಿಯೂದ ಬಿಡು ಯವ್ವಾ. ನಿಮ್ಮವ್ವ ಕೇಳಿದ್ರ ಇಬ್ರಿಗೂ ಬೈತಾಳ" ಎಂದರು.

ಆಮೇಲೆ ನಿನೋ ನಮ್ಮ ಚೀಲ ಎತ್ತಲು ಬಗ್ಗಿದಾಗ ಮಾಮಾ ಚೀಲ ಕಸಿದುಕೊಂಡು, ಇಕಿಗೆ ಅಣ್ತಮ್ಮರು ಅದಾರೋ ಇಲ್ಲೋ ಕೇಳು ಎಂದರು. ಪರಿಚಯವಾಗಿ ಹತ್ತು ನಿಮಿಷವಾಗಿಲ್ಲ, ಒಡಹುಟ್ಟಿದವರ ಲೆಕ್ಕ ಕೇಳುವುದೇ? ಕೇಳುವುದಿಲ್ಲ ಎಂದು ನಾನು ಕಣ್ಣು ಬಿಟ್ಟೆ. ಅವರು ಬಿಡುವ ಆಸಾಮಿಯಲ್ಲ. ಕೊನೆಗೆ ಕೇಳಿದೆ. ನಿನೋ ಒಬ್ಬಳೇ ಮಗಳು. ಮಾಮಾ ಹೂಂ ಎಂದು ಕಾರಿನಲ್ಲಿ ಕುಳಿತರು.

ಗೊಳಸಂಗಿ: ಹೊರಡುವ ಮೊದಲಿನ ಮಾತು

ಒಬ್ಬ ದರ್ಜಿಯನ್ನೂ ಒಬ್ಬ ಕನ್ನಡ ಟೀಚರನ್ನೂ ಆ ದೇಶದವರು ಯಾಕೆ ಕರೆಸಿಕೊಂಡರು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾವು ನಾಲ್ಕೈದು ಮಂದಿ ಶಿಕ್ಷಕರು ರಜೆ ಸಿಕ್ಕಾಗಲೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಹಳ್ಳಿಗಳಲ್ಲಿ ಸಿನಿಮಾ ತೋರಿಸುತ್ತ ತಿರುಗುತ್ತೇವೆ. ಶಾಲೆಯ ಅಂಗಳ, ಎರಡು ಕಂಬಕ್ಕೆ ಕಟ್ಟಿದ ಬಿಳಿ ಧೋತರ, ಒಂದು ಪ್ರೊಜೆಕ್ಟರ್. ಗಾಳಿ ಬಂದರೆ ನಾಯಕಿಯ ಮುಖ ಉಬ್ಬುತ್ತದೆ, ಜನ ನಗುತ್ತಾರೆ. ಊರೂರಿನ ಚಿತ್ರ ತೋರಿಸಿ ತೋರಿಸಿ, ನಮ್ಮ ಮನೆಯದೇ ಒಂದು ಯಾಕಿರಬಾರದು ಎಂದು ಹುರುಪು ಬಂದು, ಗೊಳಸಂಗಿಯ ನಮ್ಮ ಹುಸೇನಸಾಬ ಮಾಮಾನ ಮೇಲೆ ನಲವತ್ತು ನಿಮಿಷದ ಒಂದು ಚಿತ್ರ ಮಾಡಿದೆವು. ಅದರ ಹೆಸರು 'ಕುಂಚಿಗಿ'.

ಕುಂಚಿಗೆ ಅಂದರೆ ಕೂಸಿನ ತಲೆಗೆ ಕಟ್ಟುವ ಟೋಪಿ. ಹಿಂದೆ ಬೆನ್ನಿನವರೆಗೂ ಇಳಿಬಿದ್ದಿರುತ್ತದೆ, ಅಂಚಿಗೆ ಗೊಂಡೆ. ನಮ್ಮ ಮನೆತನಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದು ತವರಿನಿಂದ ಬರಬೇಕು, ಸೋದರಮಾವನೇ ತಂದು ಕಟ್ಟಬೇಕು. ನಮ್ಮವ್ವನಿಗೆ ಅಣ್ಣತಮ್ಮಂದಿರಿಲ್ಲ. ನಾನು ಹುಟ್ಟಿದಾಗ ಅಜ್ಜಿ ಕುಂಚಿಗೆ ಹೊಲಿಸಲು ದರ್ಜಿಯ ಅಂಗಡಿಗೆ ಹೋಗಿ, ಹೊಲಿಸುವುದೇನೋ ಹೊಲಿಸಿದೆ, ಒಯ್ಯುವವರು ಯಾರು ಎಂದು ಅಲ್ಲೇ ಕಣ್ಣೀರು ಹಾಕಿದಳಂತೆ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಸೇನಸಾಬರಿಗೆ ಅಲ್ಲಿ ಹೊಲಿಯುತ್ತಿದ್ದ ಅವರ ತಂದೆ, ನೀ ಒಯ್ಯೋ ಎಂದರಂತೆ. ಅವತ್ತು ಅವರು ನಮ್ಮವ್ವನಿಗೆ ತಮ್ಮನಾದರು, ನನಗೆ ಮಾಮಾ ಆದರು. ಅಲ್ಲಿಂದೀಚೆಗೆ ಊರಲ್ಲಿ ಯಾವ ಬಾಣಂತಿಗೆ ಅಣ್ಣತಮ್ಮರಿಲ್ಲವೋ ಅವಳ ಮನೆಗೆ ಕುಂಚಿಗೆ ಒಯ್ಯುವವರು ಇವರೇ. ನಮ್ಮ ಚಿತ್ರದಲ್ಲಿ ಮಹಾದೇವಿ ಎಂಬ ಹುಡುಗಿಯ ಕೂಸಿಗೆ ಒಯ್ಯುತ್ತಾರೆ. ಅಷ್ಟೇ ಕಥೆ.

ಇದನ್ನು ಓದಿ, ಆ ಊರಲ್ಲಿ ಯಾರಿಗೂ ಜಾತಿ-ಧರ್ಮವೇ ಗೊತ್ತಿಲ್ಲವೆಂದು ಯಾರಾದರೂ ತಿಳಿದರೆ ನನ್ನ ತಪ್ಪಲ್ಲ. ನಮ್ಮ ಕಡೆ ಹೊಸಬರು ಕಂಡರೆ ಹೆಸರಿಗಿಂತ ಮೊದಲು ಕೇಳುವುದೇ ಯಾವ ಪೈಕಿ ಎಂದು. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಸಿಂದಗಿ ಹತ್ತಿರದ ಹಳ್ಳಿಯೊಂದರಲ್ಲಿ ಈ ಚಿತ್ರ ತೋರಿಸಿದಾಗ ಒಬ್ಬಾತ ಎದ್ದು ನಿಂತು, "ಅಂವ ಯಾವ ಪೈಕಿರಿ?" ಎಂದು ಕೇಳಿಯೇ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮುಂದೆ ಕುಳಿತಿದ್ದ ಮುದುಕಿ, "ಮಾಮಾನ ಪೈಕಿ. ಸುಮ್ಮ ಕುಂಡ್ರು" ಎಂದಳು. ನನಗೆ ಆ ಮುದುಕಿಯನ್ನು ಹೊತ್ತು ಕುಣಿಯಬೇಕೆನ್ನಿಸಿತ್ತು.

ಇಂಥ ಚಿತ್ರಕ್ಕೆ ನಿನೋಳಿಂದ ಕರೆ ಬಂದಾಗ ಊರಿಗೆ ಊರೇ ಹಿಗ್ಗಿತು. ನಮ್ಮ ಹೆಡ್‌ಮಾಸ್ತರರು ಜಾರ್ಜಿಯಾ ಅಂದರೆ ಅಮೆರಿಕ ಎಂದುಕೊಂಡು ಪ್ರಾರ್ಥನೆಯ ಹೊತ್ತಿನಲ್ಲಿ ನನಗೆ ಹಾರ ಹಾಕಿದರು. ಅಮೆರಿಕದಲ್ಲೂ ಒಂದು ಜಾರ್ಜಿಯಾ ಇದೆ ನಿಜ. ನಾವು ಹೋಗುವುದು ಕಪ್ಪು ಸಮುದ್ರದ ದಂಡೆಯ ಪುಟ್ಟ ದೇಶಕ್ಕೆ ಎಂದು ಹೇಳಬೇಕೆಂದುಕೊಂಡೆ. ಹಾರ ಚೆನ್ನಾಗಿತ್ತು, ಸುಮ್ಮನಾದೆ.

ಟಿಬಿಲಿಸಿ: ಅಕ್ಷರ, ರೊಟ್ಟಿ ಮತ್ತು ಮೇಣದ ಬತ್ತಿ

ಊರು ನೋಡಲು ಹೊರಟಾಗ ಮಾಮಾ ಅಂಗಡಿಯ ಬೋರ್ಡುಗಳ ಮುಂದೆ ನಿಂತು ನಿಂತು ಓದಲು ನೋಡುತ್ತಿದ್ದರು. ಅವರ ಅಕ್ಷರಗಳೂ ನಮ್ಮವುಗಳಂತೆಯೇ ಗುಂಡಗಿವೆ, ಸುರುಳಿ ಸುತ್ತಿಕೊಂಡಿವೆ. ದೂರದಿಂದ ಕನ್ನಡವೇ ಅನ್ನಿಸಿ, ಹತ್ತಿರ ಹೋದರೆ ಒಂದಕ್ಷರವೂ ತಿಳಿಯದು. "ನಮ್ಮ ಅಕ್ಷರಾನ ನೀರಾಗ ನೆನಸಿ ಇಟ್ಟಾರ" ಎಂದು ಮಾಮಾ ತೀರ್ಮಾನ ಕೊಟ್ಟರು.

ಒಂದು ರೊಟ್ಟಿ ಅಂಗಡಿಯಲ್ಲಿ ಬಹಳ ಹೊತ್ತು ನಿಂತೆವು. ನೆಲದಲ್ಲಿ ಬಾವಿಯಂಥ ಮಣ್ಣಿನ ಒಲೆ, ಅದರ ಗೋಡೆಗೆ ಹಿಟ್ಟನ್ನು ಫಟ್ಟೆಂದು ಹೊಡೆದು ಅಂಟಿಸುತ್ತಾರೆ. ಅಂಟಿಸುವಾಗ ಆ ಮನುಷ್ಯ ಅರ್ಧ ಮೈ ಒಲೆಯೊಳಗೆ ಬಗ್ಗಿಸುತ್ತಾನೆ, ಕಾಲು ನೆಲದಿಂದ ಮೇಲೇಳುತ್ತದೆ. ಬಿದ್ದೇ ಬಿಟ್ಟ ಎಂದು ಮಾಮಾ ಅವನ ಸೊಂಟದ ಪಟ್ಟಿ ಹಿಡಿದುಬಿಟ್ಟರು. ಅವನು ಒಳಗಿನಿಂದಲೇ ಏನೋ ಬೈದ, ಮೇಲೆ ಬಂದು ಇವರ ಮುಖ ನೋಡಿ ನಕ್ಕ, ಒಂದು ಬಿಸಿ ರೊಟ್ಟಿ ಕೈಗಿಟ್ಟ. ನಾವು ಚೀಲದಲ್ಲಿದ್ದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆವು. ಅವನು ರೊಟ್ಟಿಯನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿ, ಇದನ್ನು ತಿನ್ನುತ್ತಾರಾ ಎಂಬಂತೆ ನೋಡಿದ. ತಿಂದ ಮೇಲೆ ಇನ್ನೊಂದು ಕೇಳಿದ. ನಮ್ಮ ಜೋಳದ ಮರ್ಯಾದೆ ಉಳಿಯಿತು.

ಮುಂದಿನ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ನೇತುಹಾಕಿದ ಕಂದು ಬಣ್ಣದ ಉದ್ದನೆಯ ಮೇಣದ ಬತ್ತಿಗಳಿದ್ದವು. ದೀಪಕ್ಕೆ ಇರಲಿ ಎಂದು ನಾನು ಎರಡು ಕೊಂಡೆ. ಅಂಗಡಿಯಾಕೆ ನನ್ನ ಎದುರೇ ಒಂದನ್ನು ಕಚ್ಚಿ ತಿಂದಾಗ ಅಯ್ಯೋ ಎಂದುಬಿಟ್ಟೆ. ಅದು ಅಕ್ರೋಟನ್ನು ದಾರಕ್ಕೆ ಪೋಣಿಸಿ ದ್ರಾಕ್ಷಿಯ ರಸದ ಪಾಕದಲ್ಲಿ ಅದ್ದಿ ಒಣಗಿಸಿದ ತಿನಿಸು. ನಮ್ಮ ಕಡೆಯೂ ದ್ರಾಕ್ಷಿಗೇನು ಬರವಿಲ್ಲ, ಒಣಗಿಸಿ ಮಾರುತ್ತೇವೆ. ಹೀಗೆ ಬತ್ತಿ ಮಾಡುವ ಬುದ್ಧಿ ಮಾತ್ರ ಹೊಳೆದಿಲ್ಲ.

ಟಿಬಿಲಿಸಿ: ಮೊದಲ ಪ್ರದರ್ಶನ

ಸಂಜೆ ಸಿನಿಮಾ ಮನೆ ತುಂಬಿತ್ತು. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ನಮ್ಮ ಧೋತರದ ಪರದೆಯ ಮೇಲೆ ಉಬ್ಬಿ ತಗ್ಗುತ್ತಿದ್ದ ಗೊಳಸಂಗಿ ಅಲ್ಲಿ ಗೋಡೆಯಷ್ಟಗಲ ನೆಟ್ಟಗೆ ನಿಂತಾಗ ನನ್ನ ಕಣ್ಣು ತುಂಬಿತು. ನಮ್ಮ ಭಾಷೆ ಆ ಸಭೆಯಲ್ಲಿ ದೊಡ್ಡದಾಗಿ ಕೇಳಿಸುತ್ತಿತ್ತು. ಕೆಳಗೆ ಅವರ ಅಕ್ಷರದಲ್ಲಿ ಅನುವಾದ ಓಡುತ್ತಿತ್ತು. ನಾನು ಕಳಿಸಿದ್ದ ಇಂಗ್ಲಿಷನ್ನು ನೋಡಿ ನಿನೋ ತಾನೇ ಮಾಡಿದ್ದು.

ಮಾಮಾ ತಟ್ಟೆಯಲ್ಲಿ ಕುಂಚಿಗೆ ಇಟ್ಟುಕೊಂಡು ಮಹಾದೇವಿಯ ಮನೆಯ ಹೊಸ್ತಿಲು ದಾಟುವ ದೃಶ್ಯ ಬಂತು. ಮಹಾದೇವಿ ಕೂಸಿಗೆ ಹೇಳುತ್ತಾಳೆ: "ನೋಡು, ಮಾಮಾ ಬಂದ." ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಜಾಗ ಇದು. ಇಲ್ಲಿ ಸಭೆ ಗುಸುಗುಸು ಅಂದಿತು. ಒಂದಿಬ್ಬರು ಕಿಸಕ್ಕೆಂದರು. ಯಾಕೆಂದು ತಿಳಿಯಲಿಲ್ಲ.

ಚಿತ್ರ ಮುಗಿದ ಮೇಲೆ ನಮ್ಮಿಬ್ಬರನ್ನೂ ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಮೊದಲು ಎದ್ದ ಯುವಕ ಬಹಳ ವಿನಯದಿಂದ, ವಿಷಯ ಗಂಡನಿಗೆ ಗೊತ್ತಾಗುವುದು ಯಾವಾಗ ಎಂದು ಕೇಳಿದ. ಯಾವ ವಿಷಯ ಎಂದೆ. ಕೂಸಿನ ಅಪ್ಪ ಆ ಪಕ್ಕದ ಮನೆಯ ಮುಸ್ಲಿಮನೇ ಎಂಬ ವಿಷಯ ಎಂದ.

ಆದದ್ದೇನೆಂದು ಆಮೇಲೆ ಗೊತ್ತಾಯಿತು. ನಾನು ಅಂಕಲ್ ಎಂದು ಬರೆದ ಕಡೆಯಲ್ಲೆಲ್ಲ ನಿನೋ, ಇವರು ರಕ್ತಸಂಬಂಧಿಯಲ್ಲವಲ್ಲ, ನೋಡುವವರಿಗೆ ಗೊಂದಲ ಬೇಡ ಎಂದು, ಮುಸ್ಲಿಂ ನೆರೆಯಾತ ಎಂದು ಹಾಕಿದ್ದಳು. ಓದುವುದು ಮುಸ್ಲಿಂ ನೆರೆಯಾತ ಬಂದ ಎಂದು, ಕಿವಿಗೆ ಬೀಳುವುದು ಮಾಮಾ ಬಂದ, ಅಂದರೆ ಅಪ್ಪ ಬಂದ ಎಂದು. ಸಭೆ ಎರಡನ್ನೂ ಕೂಡಿಸಿ ಮೂರನೆಯದೊಂದು ಕಥೆ ಕಟ್ಟಿಕೊಂಡಿತ್ತು.

ಹಾಗಲ್ಲ ಹೀಗೆ ಎಂದು ಹೇಳಿದೆ. ನಕ್ಕರು, ಕ್ಷಮೆ ಕೇಳಿದರು. ಆಮೇಲಿನ ಪ್ರಶ್ನೆಗಳೆಲ್ಲ ಮತ್ತೆ ಅದೇ ದಾರಿ ಹಿಡಿದವು: ಅವರ ಜೊತೆ ನೀವು ಹೇಗೆ ಬಾಳುತ್ತೀರಿ, ಅವರಿಗೆ ಭಯವಿಲ್ಲವೇ. ಅವರು, ಅವರು ಎಂದು ಕೇಳುತ್ತಿದ್ದದ್ದು ನನ್ನನ್ನು. ಅವರೋ ನನ್ನ ಪಕ್ಕದಲ್ಲೇ ಕೈಕಟ್ಟಿ ಕುಳಿತಿದ್ದರು. ಹೊಲಿಗೆಯ ಬಗ್ಗೆ, ಗೊಂಡೆಯ ಬಗ್ಗೆ, ಕೂಸಿನ ಬಗ್ಗೆ ಯಾರೂ ಕೇಳಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಮಾಮಾ, ಆ ಹುಡುಗ ಮೊದಲು ಏನು ಕೇಳಿದ ಎಂದರು. ಮರೆಸಲು ನೋಡಿದೆ. ಬಿಡಲಿಲ್ಲ. ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯವ್ವಾ, ಮುಸಲ್ಮಾನ ಅನ್ನಿಸ್ಕೊಳ್ಳಾಕ ನಂಗೇನ್ ನಾಚಿಕಿ ಇಲ್ಲ. ಐದ ಹೊತ್ತು ನಮಾಜ ಮಾಡಾಂವ ನಾ. ಆದ್ರ ಮಹಾದೇವಿ ಮನಿಗೆ ನಾ ಹೋದದ್ದು ಅಕಿ ಅಣ್ಣ ಆಗಿ. ಮಾಮಾ ಅಂತ ಕರ್ಕೊಂಡ್ ಬಂದು, ಇಲ್ಲಿ ಬಾಜೂಮನಿಯಾಂವ ಮಾಡಿ ಕುಂಡ್ರಿಸಿದ್ಯಲ್ಲ."

ಅವರು ಟೋಪಿಯ ಮಡಿಕೆ ತಿದ್ದಿದರು.

"ಅಕಿ ನಮ್ಮನ್ನ ನಂಬಿ ತೊಟ್ಟಿಲ ತೋರಿಸ್ಯಾಳ. ಹಿಂಗ ತೋರಸೂದಿದ್ರ ಮುಂದಿನ ಊರಾಗ ತೋರಸಬ್ಯಾಡ. ತೋರಿಸಿದ್ರ ನಾ ಅಲ್ಲಿ ಕುಂಡ್ರಂಗಿಲ್ಲ."

ತೆಲಾವಿಯ ದಾರಿ

ಮುಂದಿನ ಊರು ತೆಲಾವಿ. ದ್ರಾಕ್ಷಿ ಸೀಮೆ, ನಿನೋಳ ತವರು. ಅಲ್ಲಿಯ ಗ್ರಂಥಾಲಯದಲ್ಲಿ ಎರಡನೆಯ ಪ್ರದರ್ಶನ. ದಾರಿಯುದ್ದ ಬೆಟ್ಟ, ಹಸಿರು, ಹಿಮದ ತಲೆಗಳು. ಅವನ್ನೆಲ್ಲ ನೋಡುವ ಮನಸ್ಸು ನನಗಿರಲಿಲ್ಲ. ನಾನು ನಿನೋಳ ಜೊತೆ ಜಗಳಕ್ಕಿಳಿದಿದ್ದೆ.

ಆ ಎರಡು ಶಬ್ದ ತೆಗೆದುಹಾಕು ಎಂದೆ. ತೆಗೆದರೆ ಈ ಚಿತ್ರ ಯಾಕೆ ದೊಡ್ಡದು ಎಂಬುದೇ ನಮ್ಮವರಿಗೆ ತಿಳಿಯುವುದಿಲ್ಲ ಎಂದಳು. ಅವಳ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಎರಡು ಧರ್ಮದವರು ಹೀಗೆ ಬಾಳುವುದು ಅವಳಿಗೆ ಅಚ್ಚರಿ. ಆ ಅಚ್ಚರಿ ಎಲ್ಲರಿಗೂ ಮುಟ್ಟಲಿ ಎಂಬ ಆಸೆ. ಆದರೆ ನನಗೆ ಪಿತ್ತ ನೆತ್ತಿಗೇರಿತ್ತು. ನಲವತ್ತು ನಿಮಿಷ ಅವರನ್ನು ಮನುಷ್ಯನಾಗಿ ನೋಡಿದರೆ ನಿಮ್ಮವರ ಗಂಟೇನು ಹೋಗುತ್ತದೆ ಎಂದುಬಿಟ್ಟೆ. ಹಿಂದಿನ ಸೀಟಿನಲ್ಲಿ ಮಾಮಾ, ಬಸುರಿ ಹೆಂಗಸಿನ ಜೊತೆ ಏರುದನಿ ಬೇಡ ಎಂದು ನನಗೇ ಬುದ್ಧಿ ಹೇಳಿದರು.

ನಿನೋಳ ಅಜ್ಜಿಯ ಮನೆ ಮುಟ್ಟಿದಾಗ ಮಧ್ಯಾಹ್ನ. ಅಜ್ಜಿಯ ಹೆಸರು ಕೇತೋ. ಗೇಟಿನಲ್ಲೇ ನಿಂತಿದ್ದವಳು ಮೊಮ್ಮಗಳನ್ನು ಕಂಡದ್ದೇ "ಬೆಬೋ, ಬೆಬೋ" ಎಂದು ತಬ್ಬಿಕೊಂಡಳು. ನಿನೋನೂ "ಬೆಬೋ" ಎಂದಳು. ಒಳಗೆ ಹೋಗುವಷ್ಟರಲ್ಲಿ ಆ ಶಬ್ದ ಎರಡೂ ಕಡೆಯಿಂದ ಹತ್ತು ಸಲ ಓಡಾಡಿತು. ಹಾಗೆಂದರೇನು ಎಂದು ಮಾಮಾ ಕೇಳಿಸಿದರು. ಅಜ್ಜಿ ಎಂದು ಅರ್ಥ ಎಂದಳು ನಿನೋ. ಮತ್ತೆ ಅಜ್ಜಿಯೇ ನಿನಗೆ ಅಜ್ಜಿ ಅನ್ನುತ್ತಿದ್ದಾಳಲ್ಲ ಎಂದೆ. ಅವಳು, ನಮ್ಮಲ್ಲಿ ಹಾಗೇ, ಹಿರಿಯರು ಮುದ್ದಿನಿಂದ ತಮ್ಮ ಹೆಸರನ್ನೇ ಕಿರಿಯರಿಗೆ ಕೊಡುತ್ತಾರೆ, ಅವ್ವ ಮಗನನ್ನು ಅವ್ವ ಅನ್ನುತ್ತಾಳೆ, ಅಪ್ಪ ಮಗಳನ್ನು ಅಪ್ಪ ಅನ್ನುತ್ತಾನೆ, ಇದನ್ನು ಬೇರೆಯವರಿಗೆ ತಿಳಿಸುವುದು ಕಷ್ಟ ಎಂದಳು.

ನಾನು ಇದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಮಾಮಾ ನಗತೊಡಗಿದರು. "ಇದರಾಗ ಕಷ್ಟ ಏನೈತಿ? ನಾ ಇಕಿಗೆ ಯವ್ವಾ ಅಂತೇನಿ. ಇಕಿ ಏನ್ ನನ್ನ ಹಡದಾಳೇನು?"

ನಿನೋಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ, ಸುಮ್ಮನಿರಲಾರದೆ ಒಂದು ಮಾತು ಸೇರಿಸಿದೆ. ನಾನು ನಿನ್ನ ಅಜ್ಜಿಯ ಮೇಲೆ ಒಂದು ಚಿತ್ರ ಮಾಡಿ ಗೊಳಸಂಗಿಯಲ್ಲಿ ತೋರಿಸಿದರೆ, ಅವಳು ಬೆಬೋ ಅಂದಾಗಲೆಲ್ಲ ಕೆಳಗೆ ಕ್ರಿಶ್ಚಿಯನ್ ಹೆಂಗಸೇ ಎಂದು ಬರೆಯಲೇ ಎಂದೆ.

ನಿನೋ ನನ್ನನ್ನೂ ಅಜ್ಜಿಯನ್ನೂ ನೋಡಿದಳು. ಮುಖ ಕೆಂಪಾಯಿತು. ಅಜ್ಜಿ ಏನಾಯಿತೆಂದು ಕೇಳಿ, ಮೊಮ್ಮಗಳು ಹೇಳಿದ್ದನ್ನು ಕೇಳಿಸಿಕೊಂಡು, ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಊಟವಾದದ್ದೇ ನಿನೋ ಲ್ಯಾಪ್‌ಟಾಪ್ ತೆರೆದು ಕುಳಿತಳು.

ಆ ಊಟದ ಕಥೆಯೇ ಬೇರೆ. ಅಲ್ಲಿ ಉಣ್ಣುವ ನಡುವೆ ಹಿರಿಯರು ಎದ್ದು, ಲೋಟ ಎತ್ತಿ, ಸತ್ತವರಿಗೆ, ಇದ್ದವರಿಗೆ, ಹುಟ್ಟುವವರಿಗೆ ಹಾರೈಕೆ ಹೇಳುತ್ತಾರೆ. ಸಣ್ಣ ಮಾತಲ್ಲ, ನಮ್ಮ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರಷ್ಟು ಉದ್ದ. ಉಂಬಾಗ ಮಾತು ಬೇಡ ಎಂದು ಬೈಸಿಕೊಂಡು ಬೆಳೆದ ನಾನು ಆರಿಹೋಗುತ್ತಿದ್ದ ಆಲೂಗಡ್ಡೆಯ ಕಡುಬು ನೋಡುತ್ತ ಕುಳಿತೆ. ಅವರಿಗೆ ವೈನು, ನಮಗಿಬ್ಬರಿಗೂ ದ್ರಾಕ್ಷಿರಸ. ಮಾಮಾನ ಸರದಿ ಬಂದಾಗ ಅವರು ಎದ್ದು ನಿಂತು, ನಿನೋಳ ಕಡೆ ಕೈಮಾಡಿ, "ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದರು. ನಾನು ಹಿಂದುಮುಂದು ನೋಡದೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಇದ್ದಂತೆಯೇ ಇಂಗ್ಲಿಷಿಗೆ ಇಳಿಸಿದೆ. ನಿನೋ ಗಾಬರಿಯಿಂದ ಹೊಟ್ಟೆ ಮುಟ್ಟಿಕೊಂಡಳು. ಹಿಮ ಬೀಳುವ ಸೀಮೆಯಲ್ಲಿ ಬಸುರಿಯ ಹೊಟ್ಟೆ ತಣ್ಣಗಾಗಲಿ ಎಂದರೆ ಶಾಪವೇ ಆಯಿತಲ್ಲ. ನಮ್ಮೂರ ಬಿಸಿಲು ಹೇಗಿರುತ್ತದೆ, ತಂಪು ಅಂದರೆ ನಮಗೇನು ಎಂದು ನಾನು ವಿವರಿಸಿದ್ದೇ ಆ ದಿನದ ಅತಿ ಉದ್ದದ ಭಾಷಣವಾಯಿತು. ಕೇತೋ ಅಜ್ಜಿ ಕೇಳಿ ತಲೆದೂಗಿ, ಮಾಮಾನ ತಟ್ಟೆಗೆ ಮತ್ತಷ್ಟು ಬಡಿ‌ಸಿದಳು.

ತೆಲಾವಿ: ಗ್ರಂಥಾಲಯ

ಗ್ರಂಥಾಲಯದಲ್ಲಿ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ್ದರು. ಬಂದವರು ಹೆಚ್ಚಿನವರು ಅಜ್ಜಿಯ ಓರಗೆಯವರು, ಅಕ್ಕಪಕ್ಕದ ಮನೆಯವರು. ಒಬ್ಬಾಕೆ ಹೆಣೆಯುವ ಕಡ್ಡಿಯನ್ನೂ ತಂದಿದ್ದಳು. ಮಾಮಾ ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವರು ಬಂದರು, ಆದರೆ ಮುಂದೆ ಕೂರಲಿಲ್ಲ. ಬಾಗಿಲ ಪಕ್ಕ ಕೊನೆಯ ಕುರ್ಚಿ ಹಿಡಿದರು. ಎದ್ದು ಹೋಗಲು ಅನುಕೂಲ.

ನಿನೋ ಮುಂದೆ ನಿಂತು ಎರಡೇ ಮಾತು ಹೇಳಿದಳು. ನೀವು ಇದರಲ್ಲಿ ಒಂದು ಶಬ್ದ ಕೇಳುತ್ತೀರಿ, ಅದು ನಮ್ಮ ಮಾಮಾ ಅಲ್ಲ. ಆ ಊರಲ್ಲಿ ಹಾಗೆಂದರೆ ತಾಯಿಯ ತವರಿನಿಂದ ಕೂಸಿಗೆ ಟೋಪಿ ತರುವವನು. ಅಷ್ಟೇ. ಕೆಳಗಿನ ಅನುವಾದದಲ್ಲಿ ಆ ಶಬ್ದವನ್ನು ಹಾಗೇ ಉಳಿಸಿ, ತಮ್ಮದರ ಜೊತೆ ಕಲೆಯದಿರಲೆಂದು ಅಕ್ಷರಗಳನ್ನು ಎರಡೆರಡು ಸಲ ಬರೆದು ಎಳೆದಿದ್ದಳು.

"ನೋಡು, ಮಾಮಾ ಬಂದ." ಈ ಸಲ ಗುಸುಗುಸು ಇಲ್ಲ. ಮಾಮಾ ಕುಂಚಿಗೆಯ ಕಸೆ ಕಟ್ಟುವಾಗ ಮುದುಕಿಯರೆಲ್ಲ ಕತ್ತು ಮುಂದೆ ಚಾಚಿದರು. ಹೆಣೆಯುತ್ತಿದ್ದವಳ ಕೈ ನಿಂತಿತು. ಮಹಾದೇವಿಯ ಅತ್ತೆ ಮಾಮಾಗೆ ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿಯುವಾಗ ಯಾರೋ ಸಾಕು ಸಾಕು ಎಂಬಂತೆ ಕೈಯೆತ್ತಿದರು, ಎಲ್ಲರೂ ನಕ್ಕರು. ನಾನು ಹಿಂದೆ ತಿರುಗಿ ನೋಡಿದೆ. ಮಾಮಾ ಎದ್ದು ಹೋಗಿರಲಿಲ್ಲ.

ಮುಗಿದ ಮೇಲೆ ಪ್ರಶ್ನೆಗಳ ಸುರಿಮಳೆ. ಆ ಬಟ್ಟೆ ಯಾವುದು, ಗೊಂಡೆ ಯಾಕೆ, ಹೆಣ್ಣುಕೂಸಿಗೂ ಅದೇ ಟೋಪಿಯೇ. ಎಲ್ಲವನ್ನೂ ಮಾಮಾಗೇ ಕೇಳಿದರು. ಮಾಮಾ ತಾವಾಗಿ ಮುಂದೆ ಬಂದು, ಚೀಲದಿಂದ ಖಣದ ಬಟ್ಟೆ ತೆಗೆದು ಹರವಿ ಹೇಳಿದರು. ಕೊನೆಗೆ ಕೋಲೂರಿಕೊಂಡ ಒಬ್ಬ ಮುದುಕ ಎದ್ದು, ಚಿತ್ರದಲ್ಲಿ ಅಂಗಡಿಯ ಮೂಲೆಯಲ್ಲಿ ನೀವು ಪ್ರಾರ್ಥನೆ ಮಾಡುವುದನ್ನು ನೋಡಿದೆ, ನೀವು ಮುಸ್ಲಿಮರೇ ಎಂದು ಕೇಳಿದ. ನಿನೋ ಹೆದರಿದ್ದು ಸುಳ್ಳಾಯಿತು. ಹಣೆಪಟ್ಟಿ ಹಚ್ಚದೆಯೂ ಅವನಿಗೆ ಕಂಡಿತ್ತು. ಮಾಮಾ ಟೋಪಿ ಸರಿಮಾಡಿಕೊಂಡು "ಹೌದ್ರಿ" ಎಂದರು.

ಆಗ ಆ ಮುದುಕ ಹೇಳಿದ್ದನ್ನು ನಿನೋ ಮೆಲ್ಲಗೆ ನನಗೆ ತಿಳಿಸಿದಳು: "ನಮ್ಮ ಹಳ್ಳಿಗೆ ಪಕ್ಕದ ಕಣಿವೆಯ ಒಬ್ಬ ಮುಸ್ಲಿಂ ಉಣ್ಣೆ ಹಿಂಜಲು ಬರುತ್ತಿದ್ದ. ಊರಿನ ಹಿರಿಯರಿಗೆಲ್ಲ ನಾವು ಕಾಕಾ ಅನ್ನುತ್ತಿದ್ದೆವು. ಅವನಿಗೆ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದೆವು. ಅವನಿಗೂ ಒಂದು ಶಬ್ದ ಕೊಡಬಹುದಿತ್ತು ಎಂದು ಇವತ್ತಿನವರೆಗೆ ನನಗೆ ಹೊಳೆದಿರಲಿಲ್ಲ."

ನನಗೆ ಆ ಹೊತ್ತಿನಲ್ಲಿ ಎಷ್ಟು ಹೆಮ್ಮೆಯಾಯಿತು ಎಂದರೆ, ಅದನ್ನು ಮುಚ್ಚಿಡಲು ನನಗೆ ಬರುವುದಿಲ್ಲ. ನಮ್ಮ ಮಾತು ಒರಟು, ತೆಂಕಣದವರಿಗೆ ಜಗಳದಂತೆ ಕೇಳುತ್ತದೆ ಎಂದು ಎಷ್ಟು ಸಲ ಅನ್ನಿಸಿಕೊಂಡಿದ್ದೇನೆ. ಇರಲಿ. ಆ ಒರಟು ಮಾತಿನಲ್ಲಿ ಊರ ದರ್ಜಿಗೂ ಒಂದು ನಂಟು ಇದೆ, ಅದು ಬಾಯಿಮಾತಿನದಷ್ಟೇ ಅಲ್ಲ, ತಟ್ಟೆ ಹಿಡಿದು ಹೊಸ್ತಿಲು ದಾಟುವಂಥದ್ದು. ನಮ್ಮ ಹುಳುಕು ನೂರಿವೆ. ಆದರೂ ಇದು ನಮ್ಮದು, ಇದನ್ನು ನಾವು ಅಷ್ಟು ದೂರ ಒಯ್ದು ತೋರಿಸಿ ಬಂದೆವು.

ಹೊರಡುವ ದಿನ ಕೇತೋ ಅಜ್ಜಿ, ಹುಟ್ಟುವ ಕೂಸಿಗೂ ಒಂದು ಹೊಲಿದುಕೊಟ್ಟು ಹೋಗಲಿ ಎಂದು ಕೇಳಿಸಿದಳು. ಮಾಮಾ ತಲೆಯಲ್ಲಾಡಿಸಿದರು. ಹುಟ್ಟುವ ಮೊದಲು ಕತ್ತರಿ ಹಾಕುವಂತಿಲ್ಲ, ಅದು ಅವರ ನೇಮ. "ಹಡದ ಮ್ಯಾಲ ತಲಿ ಅಳತಿ ಕಳಸು. ನಾ ತರ್ತೇನಿ" ಎಂದರು. ತರ್ತೇನಿ ಎಂಬುದನ್ನು ನಾನು ಕಳಿಸುತ್ತೇನೆ ಎಂದು ಅನುವಾದಿಸಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಇಂಗ್ಲಿಷು ಬಾರದಿದ್ದರೂ ನಾನು ತಪ್ಪು ಹೇಳಿದ್ದು ಅವರಿಗೆ ಹೇಗೆ ತಿಳಿಯಿತೋ.

ಗೊಳಸಂಗಿ: ಮರಳಿ

ನಿನೋಗೆ ಹೆಣ್ಣುಕೂಸು ಹುಟ್ಟಿತು. ತಲೆಯ ಸುತ್ತ ನೂಲು ಸುತ್ತಿ, ಆ ನೂಲನ್ನು ಅಳತೆಪಟ್ಟಿಯ ಮೇಲಿಟ್ಟು ಫೋಟೋ ಕಳಿಸಿದಳು. ಮಾಮಾ ಒಂದು ಬೆರಳು ಹೆಚ್ಚಿಗೆ ಹಿಡಿದು ಹೊಲಿದರು, ಮುಟ್ಟುವಷ್ಟರಲ್ಲಿ ಕೂಸು ಬೆಳೆದಿರುತ್ತದೆ ಎಂದು. ಅಂಚೆಯಲ್ಲಿ ಕಳಿಸುವಾಗ ಅವರ ಮುಖ ಸಣ್ಣದಾಗಿತ್ತು. ಕುಂಚಿಗೆಯೊಂದೇ ಹೋಗುತ್ತಿದೆ, ಒಯ್ಯುವವನು ಇಲ್ಲೇ ಉಳಿದ ಎಂಬ ಕೊರಗು.

ಅದು ಮುಟ್ಟಿದ ಮೇಲೆ ನಿನೋ ಒಂದು ವಿಡಿಯೋ ಕಳಿಸಿದಳು. ನಾನು ಅದನ್ನು ಫೋನಿನಲ್ಲಿ ತೋರಿಸಲಿಲ್ಲ. ಭಾನುವಾರ ಶಾಲೆಯ ಅಂಗಳದಲ್ಲಿ ಧೋತರ ಕಟ್ಟಿಸಿದೆ. ಊರು ನೆರೆಯಿತು. ಮಹಾದೇವಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ನಮ್ಮವ್ವ ತಮ್ಮನ ಪಕ್ಕ ಕುರ್ಚಿ ಹಾಕಿಸಿಕೊಂಡಳು.

ಪರದೆಯ ಮೇಲೆ ತೆಲಾವಿಯ ಮನೆ. ನಿನೋಳ ಮಡಿಲಲ್ಲಿ ಕೆಂಪು ಕೂಸು. ಎದುರು ಗೋಡೆಯ ಮೇಲೆ ಅವರು ನಮ್ಮ ಚಿತ್ರ ಹಾಕಿದ್ದರು. ಮಾಮಾ ತಟ್ಟೆ ಹಿಡಿದು ಹೊಸ್ತಿಲು ದಾಟುವ ಜಾಗಕ್ಕೆ ನಿಲ್ಲಿಸಿದ್ದರು. ಗೋಡೆಯ ಮೇಲಿನ ಮಾಮಾನ ಮುಂದೆ ಕೂಸನ್ನು ಹಿಡಿದು, ಕೇತೋ ಅಜ್ಜಿ ಕುಂಚಿಗೆಯ ಕಸೆ ಕಟ್ಟಿದಳು. ನಿನೋ ಕೂಸಿನ ಕಿವಿಯ ಹತ್ತಿರ ಬಾಗಿ, ಎಲ್ಲಿ ಕಲಿತಳೋ, ನಮ್ಮ ಮಾತಿನಲ್ಲೇ ಹೇಳಿದಳು: "ನೋಡು, ಮಾಮಾ ಬಂದ."

ಮಾಮಾ ಟೋಪಿ ತೆಗೆದು ಮುಖ ಒರೆಸಿಕೊಂಡರು. "ಹೋಗಿ ಮುಟ್ಟಿದ್ಯಲ್ಲೋ ತಮ್ಮಾ" ಎಂದಳು ನಮ್ಮವ್ವ.

ಹಿಂದಿನಿಂದ ಯಾರದೋ ದನಿ ಬಂತು. ನಮ್ಮ ಜನ, ಕೇಳದೆ ಇರುತ್ತಾರೆಯೇ.

"ಅಕಿ ಯಾವ ಪೈಕಿರಿ?"

ಉತ್ತರ ಕೊಡಲು ನಾನು ತಿರುಗಿದೆ. ಮಾಮಾ ಪರದೆಯಿಂದ ಕಣ್ಣು ಕೀಳಲೇ ಇಲ್ಲ.

"ಬಾಣಂತಿ ಪೈಕಿ" ಎಂದರು.